ಹಣ್ಣಿನ ಮೇಣಲೇಪವೂ ಅದರಲ್ಲಿ ಬದುಕುಳಿಯುವ ರೋಗಾಣುಗಳೂ

ಕೆಲವು ತಿಂಗಳುಗಳ ಹಿಂದೆ ನಮ್ಮ ಮನೆಯಲ್ಲಿ ಮಗಳ ಸೀಮಂತವು ನಡೆಯಿತು. ಬಂಧುಗಳು ತಂದ ಹಣ್ಣಿನ ತಟ್ಟೆಗಳಲ್ಲಿ ಸೇಬಿನ ಹಣ್ಣುಗಳೇ ಹೆಚ್ಚಾಗಿದ್ದುವು. ದೀಪದ ಬೆಳಕಿಗೆ ಅವು ಕನ್ನಡಿಯಂತೆ ಹೊಳೆಯುತ್ತಿದ್ದುವು. ಮನೆಯ ಹಿರಿಯರಾದ ನಮ್ಮ ಸೋದರತ್ತೆಯವರು ಒಂದು ಹಣ್ಣನ್ನು ಕೈಗೆತ್ತಿಕೊಂಡು, ಚಾಕುವಿನ ಅಂಚಿನಿಂದ ಸಿಪ್ಪೆಯನ್ನು ಮೆಲ್ಲನೆ ಹೆರೆದು, ಅಂಚಿಗೆ ಹತ್ತಿದ ಬಿಳಿಯ ಪುಡಿಯನ್ನು ಎಲ್ಲರಿಗೂ ತೋರಿಸಿ, “ಇದು ಮೇಣ ಕಣ್ರಪ್ಪಾ, ಬಸುರಿಗೆ ಇದನ್ನು ಕೊಡಬೇಡಿ” ಎಂದರು. ಎಲ್ಲರೂ ತಲೆದೂಗಿದರು. ಅನಂತರ ಅತ್ತೆಯವರು ಅದೇ ಚಾಕುವಿನಿಂದ, ತೊಳೆಯದೆ ಇದ್ದ ಇನ್ನೊಂದು ಹಣ್ಣಿನ ಸಿಪ್ಪೆಯನ್ನು ಸುಲಿದು, ಬಿಳಿಯ ಹೋಳುಗಳನ್ನು ಮಾಡಿ ಮಗಳ ಕೈಗೇ ಕೊಟ್ಟರು. ಅಂದು ಇದರಲ್ಲಿ ಯಾವ ದೋಷವೂ ನನಗೆ ತೋರಲಿಲ್ಲ. ಮಗಳಿಗೂ ಯಾವ ತೊಂದರೆಯೂ ಆಗಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆದರೆ ಆಮೇಲೆ ಈ ವಿಷಯದಲ್ಲಿ ಸ್ವಲ್ಪ ಓದಿ ನೋಡಿದಾಗ, ಅತ್ತೆಯವರ ಎಚ್ಚರಿಕೆಯು ಯುಕ್ತವಾದುದೆಂದೂ, ಆದರೆ ಅದು ಹಿಡಿದ ಸ್ಥಾನವು ತಪ್ಪೆಂದೂ ತಿಳಿಯಬಂದಿತು. ಮೇಣವು ಅಂಜತಕ್ಕ ವಸ್ತುವಲ್ಲ. ಮೇಣದೊಡನೆ ಉಳಿಯಬಹುದಾದ ಜೀವಿಯು ಅಂಜತಕ್ಕುದು. ಅದನ್ನು ಸಿಪ್ಪೆಯಿಂದ ಹೋಳಿಗೆ ಸಾಗಿಸುವ ವಾಹನವು ಚಾಕು.

ಸಾಹಿತ್ಯಶಾಸ್ತ್ರಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಸೇಬಿನ ಸಿಪ್ಪೆಯ ವಿಚಾರವೇಕೆಂದು ವಾಚಕ ಮಹಾಶಯರು ಕೇಳಬಹುದು. ಇದಕ್ಕೆ ಎರಡು ಸಮಾಧಾನಗಳುಂಟು. ಈ ವಿಷಯದಲ್ಲಿ ಜನರಲ್ಲಿ ಹಬ್ಬಿರುವ ಭ್ರಾಂತಿಯು ಬಹುಮಟ್ಟಿಗೆ ಶಬ್ದಗಳ ಭ್ರಾಂತಿ; ‘ಇದೆ’ ಎಂಬುದಕ್ಕೂ ‘ಬೆಳೆಯುತ್ತಿದೆ’ ಎಂಬುದಕ್ಕೂ ಇರುವ ಭೇದವನ್ನು ಗಮನಿಸದೆ ಬರೆದ ಬರಹಗಳನ್ನು ನಮ್ಮ ಮಕ್ಕಳು ಓದುತ್ತಿರುವರು. ಎರಡನೆಯದಾಗಿ, ಇದರಲ್ಲಿ ಪಂಡಿತರಾದವರೇ ಒಂದು ಅನುಮಾನದೋಷಕ್ಕೆ ಒಳಗಾದರು. ಆ ದೋಷಕ್ಕೆ ನಮ್ಮ ತಾರ್ಕಿಕರು ಹೆಸರಿಟ್ಟು ಎಷ್ಟೋ ಶತಮಾನಗಳಾಗಿವೆ.

ಮೊದಲು ಶಬ್ದವಿಚಾರ. ಅಮರಸಿಂಹನು ಮೇಣಕ್ಕೆ ಮಧೂಚ್ಛಿಷ್ಟ, ಸಿಕ್ಥಕ ಎಂಬ ಹೆಸರುಗಳನ್ನು ಕೊಟ್ಟಿದ್ದಾನೆ. ಮಧೂಚ್ಛಿಷ್ಟವೆಂದರೆ ಜೇನನ್ನು ಹಿಂಡಿದ ಮೇಲೆ ಉಳಿದುದು, ಎಂಜಲು. ಅರಗಿಗೆ ಲಾಕ್ಷಾ, ಜತು ಮೊದಲಾದ ಪರ್ಯಾಯಗಳ ಜೊತೆಯಲ್ಲಿ ದ್ರುಮಾಮಯ, ಎಂದರೆ ಮರದ ರೋಗ, ಎಂಬ ಹೆಸರೂ ಬಂದಿದೆ. ಇದು ಕವಿಕಲ್ಪನೆಯಲ್ಲ, ಕಿರಿದಾದ ಒಂದು ಕೀಟವು ಮುತ್ತುಗ, ಕುಸುಮ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳಿಗೆ ಹತ್ತಿ, ರಸವನ್ನು ಹೀರಿ, ತನ್ನ ಮೈಯಿಂದ ಸುರಿಸಿದ ಅಂಟಿನ ಗೂಡಿನಲ್ಲಿ ಅಡಗಿರುವುದು. ಆ ಅಂಟೇ ಅರಗು. ಅದನ್ನು ಶೋಧಿಸಿದರೆ ಶೆಲ್ಲಾಕ್ ಎಂಬ ಪದಾರ್ಥವಾಗುತ್ತದೆ. ಯೂರೋಪಿನ ಭಾಷೆಗಳ ‘ಲಾಕ್’ ನಮ್ಮ ಲಾಕ್ಷೆಯ ಪೀಳಿಗೆಗೇ ಸೇರಿದ ಮಾತು. ಇಂದಿಗೂ ಅರಗನ್ನು ಹೆಚ್ಚಾಗಿ ಬೆಳೆಯುವ ದೇಶ ಭಾರತವೇ. ಅದರಲ್ಲಿಯೂ ಝಾರ್ಖಂಡದ ಕಾಡುಗಳು. ರಾಂಚಿಯ ಸಮೀಪದ ನಾಮಕುಮ್ ಎಂಬಲ್ಲಿ ಇದರ ಸಂಶೋಧನೆಗಾಗಿಯೇ ೧೯೨೪ರಲ್ಲಿ ಒಂದು ಸಂಸ್ಥೆಯು ಸ್ಥಾಪಿತವಾಯಿತು. ದೇಶಾಂತರದ ಸೇಬುಗಳ ಮೇಲಣ ಹೊಳಪಿನಲ್ಲಿ ಈ ಮರದ ರೋಗದ ಪಾಲೂ ಉಂಟು. ಜೇನುಮೇಣ, ಅರಗು ಇವೆರಡಲ್ಲದೆ ಕಾರ್ನೌಬ ಎಂಬ ಮೂರನೆಯದೂ ಬಳಕೆಯಲ್ಲಿದೆ. ಅದು ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಬಗೆಯ ತಾಳೆಯ ಗರಿಗಳಿಂದ ಬರುವ ಗಡಸು ಮೇಣ.

ಅರಗು ಎಂದೊಡನೆ ಕನ್ನಡಿಗನಿಗೆ ಅರಗಿನ ಮನೆಯು ನೆನಪಾಗದಿರದು. ಹೊರಗೆ ಹೊಳಪು, ಒಳಗೆ ಅಪಾಯ. ಈ ಉಪಮಾನವನ್ನು ಬಹಳ ದೂರ ಎಳೆಯುವುದು ಸರಿಯಲ್ಲವಾದರೂ ಅದರಲ್ಲಿನ ಒಂದು ಅಂಶವನ್ನು ಮರೆಯಬಾರದು: ಆ ಮನೆಯಲ್ಲಿ ಒಳಗಿದ್ದವರು ಸಾಯಲಿಲ್ಲ, ವಿದುರನು ತೋಡಿಸಿದ ಸುರಂಗದಿಂದ ಪಾರಾದರು. ಹಣ್ಣಿಗೂ ಒಂದು ಸುರಂಗದ ಬಾಯಿಯುಂಟು. ಅದು ತೊಟ್ಟಿನ ಕುಳಿ. ಅದರ ಮಾತು ಮುಂದೆ ಬರುವುದು.

ಹಣ್ಣಿಗೆ ಮೇಣವನ್ನು ಬಳಿಯುವುದು ಕೇವಲ ಮೋಸವೆಂದು ಹಲವರು ಎಣಿಸುವರು. ಅದು ಪೂರ್ತಿ ನಿಜವಲ್ಲ. ಸೇಬು ತನ್ನ ಮೈಗೆ ತಾನೇ ಮೇಣವನ್ನು ತಯಾರಿಸಿಕೊಳ್ಳುವ ಹಣ್ಣು; ಗಿಡದಿಂದ ಆಗತಾನೆ ಕಿತ್ತ ಹಣ್ಣಿನ ಮೇಲೆ ಕಾಣುವ ಮಸುಕಾದ ಬೂದಿಯಂತಹ ಪೊರೆಯು ಅದೇ. ಒಳಗಿನ ನೀರು ಆರಿಹೋಗದಂತೆ ತಡೆಯುವುದು ಅದರ ಕೆಲಸ. ತೋಟದಿಂದ ಬಂದ ಹಣ್ಣಿನ ಧೂಳನ್ನೂ ಮದ್ದಿನ ಶೇಷವನ್ನೂ ತೊಳೆಯುವಾಗ ಈ ಸಹಜವಾದ ಮೇಣವೂ ಬಹುಪಾಲು ಉಜ್ಜಿಹೋಗುವುದು. ಹಾಗೆಯೇ ಬಿಟ್ಟರೆ ಹಣ್ಣು ಬೇಗನೆ ಸುಕ್ಕುಗಟ್ಟಿ ತೂಕ ಕಳೆದುಕೊಳ್ಳುವುದು. ಆದುದರಿಂದ ಹೋದುದಕ್ಕೆ ಪ್ರತಿಯಾಗಿ ಬೇರೆ ಮೇಣವನ್ನು ಕೊಡುವರು. ದೊಡ್ಡ ಕಟ್ಟುಮನೆಗಳಲ್ಲಿ ಹಣ್ಣುಗಳು ನೀರಿನ ಕಾಲುವೆಯಲ್ಲಿ ತೇಲಿಬಂದು, ಉರುಳುವ ಕುಂಚಗಳ ಮೇಲೆ ಹೊರಳಿ, ತೊಳೆದು, ಆರಿ, ಮತ್ತೆ ಕುಂಚಗಳ ಮೇಲೆ ಹೊರಳುವಾಗ ಮೇಣದ ದ್ರವವು ತುಂತುರಾಗಿ ಬೀಳುವುದು. ಕಡೆಗೆ ಬಿಸಿಗಾಳಿಯಲ್ಲಿ ಆರಿ ಪೆಟ್ಟಿಗೆಗೆ ಇಳಿಯುವುವು. ಒಂದು ಹಣ್ಣಿಗೆ ತಗಲುವುದು ಒಂದೆರಡು ಹನಿ ಮಾತ್ರ. ಹೊಳಪು ಎಂಬುದು ಈ ಕ್ರಿಯೆಯ ಪ್ರಯೋಜನಗಳಲ್ಲಿ ಒಂದು. ಅಂಗಡಿಯವನಿಗೆ ಅದೇ ಮುಖ್ಯವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಇಲ್ಲಿ ಒಂದು ರಸವತ್ತಾದ ಪ್ರಾಸಂಗಿಕ ಸಂಗತಿಯುಂಟು. ಕೊಳೆಯದಂತೆ ಸಿಪ್ಪೆಗೆ ಬೋರಾಕ್ಸ್ ಎಂಬ ಬಿಳಿಗಾರವನ್ನು ಹಿಡಿಸಿದ ಕಿತ್ತಳೆಯು ಕಿತ್ತಳೆಯಾಗಿಯೇ ಉಳಿಯುವುದೊ, ಅಥವಾ ಮನುಷ್ಯನು ನಿರ್ಮಿಸಿದ ಹೊಸದೊಂದು ವಸ್ತುವಾಗುವುದೊ ಎಂಬ ಪ್ರಶ್ನೆಯು ಅಮೆರಿಕ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಸ್ವಾಮ್ಯದ ಹಕ್ಕಿಗಾಗಿ ನಡೆದ ವ್ಯಾಜ್ಯವದು. ೧೯೩೧ರಲ್ಲಿ ನ್ಯಾಯಾಲಯವು, ಅದು ಹಿಂದಿನ ಹಣ್ಣೇ, ಅದರ ಉಪಯೋಗವೂ ಹಿಂದಿನದೇ, ಹೊಸ ವಸ್ತುವಲ್ಲವೆಂದು ತೀರ್ಮಾನಿಸಿತು. ದ್ರವ್ಯವು ಗುಣಾಂತರದಿಂದ ದ್ರವ್ಯಾಂತರವಾಗುವುದಿಲ್ಲವೆಂದು ವಾದಿಸುವ ನಮ್ಮವರಿಗೆ ಈ ತೀರ್ಪು ಹಿತವಾಗದಿರದು.

ಅದಂತಿರಲಿ. ಮೇಣವು ತಾನೇ ವಿಷವೇ? ಅಲ್ಲ. ಹಣ್ಣಿಗೆ ಬಳಿಯಲು ಅನುಮತಿಯುಳ್ಳ ಮೇಣಗಳು ತಿನ್ನಲು ಯೋಗ್ಯವಾದುವುಗಳೇ. ಅವು ಜೀರ್ಣವಾಗದೆ ಹಾಗೆಯೇ ಹೊರಬೀಳುವುವು. ಭಾರತದ ಆಹಾರ ಸುರಕ್ಷತಾ ನಿಯಮಗಳು ೨೦೧೧ರಲ್ಲಿ ಜೇನುಮೇಣವನ್ನೂ ಕಾರ್ನೌಬ ಮೇಣವನ್ನೂ ಮಿತವಾಗಿ ಬಳಿಯಲು ಎಡೆಗೊಟ್ಟು, ಬಳಿದುದನ್ನು ಮೇಣದ ಹೆಸರಿನೊಡನೆ ಚೀಟಿಯಲ್ಲಿ ತಿಳಿಸಬೇಕೆಂದು ವಿಧಿಸಿದುವು. ಅಂಗಡಿಯಲ್ಲಿ ಹಣ್ಣನ್ನು ಬಿಡಿಯಾಗಿ ಮಾರುವಾಗ ಆ ಚೀಟಿಯು ಕೊಳ್ಳುವವನ ಕಣ್ಣಿಗೆ ಬೀಳುವುದು ಅಪೂರ್ವವೆಂಬುದು ಬೇರೆ ಮಾತು. ಬಿಸಿನೀರಿನಲ್ಲಿ ಅದ್ದಿದಾಗ ಹಣ್ಣಿನ ಮೈ ಬೆಳ್ಳಗಾಗುವುದನ್ನು ಕಂಡು ಕೆಲವರು ಬೆದರುವುದುಂಟು. ಶಾಖವಾಗಲಿ ತೇವವಾಗಲಿ ಹೆಚ್ಚಾಗಿ ತಗಲಿದರೆ ಮೇಣವು ಬಿಳಿಚುವುದು, ಅಷ್ಟೇ. ಮೇಣವನ್ನು ತೆಗೆಯುವುದಕ್ಕೂ ಈ ಉಪಾಯವು ಸಾಲದು. ಜೇನುಮೇಣವು ಕರಗಲು ಅರುವತ್ತು ಅಂಶಗಳಿಗೆ ಮೀರಿದ ಶಾಖ ಬೇಕು, ಕಾರ್ನೌಬಕ್ಕೆ ಎಂಬತ್ತಕ್ಕೂ ಹೆಚ್ಚು; ಕೈ ತಾಳುವ ಬಿಸಿನೀರಿಗೆ ಅವು ಜಗ್ಗುವುದಿಲ್ಲ.

ಇನ್ನು ಆ ಜೀವಿಯ ವಿಚಾರ. ಹಸಿ ಹಣ್ಣುಗಳ ಮೂಲಕ ಬರತಕ್ಕ ರೋಗಾಣುಗಳು ಹಲವಿದ್ದರೂ, ಮೇಣದ ಪ್ರಸಂಗದಲ್ಲಿ ಮುಖ್ಯವಾದುದು ಲಿಸ್ಟೀರಿಯ ಮಾನೊಸೈಟೊಜಿನಸ್ ಎಂಬ ಕಡ್ಡಿಯಾಕಾರದ ಬ್ಯಾಕ್ಟೀರಿಯ. ೧೯೨೬ರಲ್ಲಿ ಕೇಂಬ್ರಿಜ್‌ನಲ್ಲಿ ಪ್ರಯೋಗಕ್ಕಾಗಿ ಸಾಕಿದ್ದ ಮೊಲಗಳಿಗೂ ಗಿನಿ ಹಂದಿಗಳಿಗೂ ಬಂದ ಒಂದು ಜಾಡ್ಯದಲ್ಲಿ ಮರೆ, ವೆಬ್, ಸ್ವಾನ್ ಎಂಬ ಮೂವರು ಇದನ್ನು ಮೊದಲು ವರ್ಣಿಸಿದರು. ಶಸ್ತ್ರವೈದ್ಯದಲ್ಲಿ ಶುಚಿತ್ವದ ಪದ್ಧತಿಯನ್ನು ನೆಲೆಗೊಳಿಸಿದ ಜೋಸೆಫ್ ಲಿಸ್ಟರನ ಸ್ಮರಣೆಗಾಗಿ ೧೯೪೦ರಲ್ಲಿ ಈಗಣ ಹೆಸರು ಬಂದಿತು. ಶುಚಿತ್ವದ ಆಚಾರ್ಯನ ಹೆಸರನ್ನು ರೋಗಾಣುವಿಗೆ ಇಡುವುದು ಗೌರವವೊ ಅಗೌರವವೊ ನನಗೆ ತಿಳಿಯದು. ಇದು ಮಣ್ಣಿನಲ್ಲಿ, ಕೊಳೆತ ಎಲೆಗಳಲ್ಲಿ, ದನಕುರಿಗಳ ಸಗಣಿಯಲ್ಲಿ, ಚರಂಡಿಯ ತೇವದಲ್ಲಿ ಎಲ್ಲೆಲ್ಲಿಯೂ ಇರುವುದು. ಆರೋಗ್ಯವಂತನಿಗೆ ಸಾಮಾನ್ಯವಾಗಿ ಏನನ್ನೂ ಮಾಡುವುದಿಲ್ಲ; ಮುದುಕರಿಗೂ, ಬೇರೆ ರೋಗಗಳಿಂದ ಬಲಗುಂದಿದವರಿಗೂ ಮೃತ್ಯುಪ್ರಾಯವಾಗುವುದು. ಗರ್ಭಿಣಿಗೆ ಅಲ್ಪ ಜ್ವರ ಮಾತ್ರ ಬಂದು ಹೋಗಬಹುದು, ಆದರೆ ಗರ್ಭಕ್ಕೆ ಹಾನಿ ತಗಲುವುದು. ತಿಂದ ದಿನದಿಂದ ರೋಗವು ತೋರುವ ದಿನದವರೆಗೆ ಕೆಲವು ವೇಳೆ ಎಪ್ಪತ್ತು ದಿನಗಳಷ್ಟು ಅಂತರವಿರುವುದರಿಂದ, ತಿಂದುದಾವುದು ಎಂಬುದನ್ನೇ ರೋಗಿಯು ಮರೆತಿರುತ್ತಾನೆ. ಎಲ್ಲಕ್ಕಿಂತ ವಿಚಿತ್ರವಾದ ಗುಣವೆಂದರೆ ಇದು ತಣ್ಪಿಗೆ ಅಂಜದಿರುವುದು. ಮಿಕ್ಕ ರೋಗಾಣುಗಳು ಜಡವಾಗಿ ಬಿದ್ದಿರುವ ಶೀತಪೆಟ್ಟಿಗೆಯ ಚಳಿಯಲ್ಲಿಯೂ ಇದು ಮೆಲ್ಲನೆ ವೃದ್ಧಿ ಹೊಂದಬಲ್ಲುದು. ೧೯೮೧ರಲ್ಲಿ ಕೆನಡದ ಪೂರ್ವ ತೀರದ ಪ್ರಾಂತಗಳಲ್ಲಿ ಎಲೆಕೋಸಿನ ಹಸಿ ಪಲ್ಯದಿಂದ ೪೧ ಮಂದಿಗೆ ಈ ರೋಗವು ತಗಲಿತು. ಅವುಗಳಲ್ಲಿ ೩೪ ಪ್ರಸಂಗಗಳು ಗರ್ಭಿಣಿಯರಿಗೂ ನವಜಾತ ಶಿಶುಗಳಿಗೂ ಸಂಬಂಧಿಸಿದುವು. ಕುರಿಗೊಬ್ಬರ ಹಾಕಿ ಬೆಳೆದ ಆ ಕೋಸನ್ನು ಚಳಿಗಾಲವೆಲ್ಲ ತಣ್ಣನೆಯ ಉಗ್ರಾಣದಲ್ಲಿ ಇಟ್ಟಿದ್ದರು. ರೋಗವು ಆಹಾರದಿಂದಲೇ ಬರುವುದೆಂದು ಸಿದ್ಧಪಟ್ಟುದು ಆಗಲೇ.

ಇಂತಹ ಜೀವಿಯು ಮೇಣದ ಪೊರೆಯಲ್ಲಿ ಸಿಕ್ಕಿದರೆ ಏನಾಗುವುದು? ಇದನ್ನು ವಿವರಿಸಲು ನಿರುಕ್ತದ ಆರಂಭದಲ್ಲಿ ಯಾಸ್ಕನು ವಾರ್ಷ್ಯಾಯಣಿಯ ಮತವೆಂದು ಹೇಳಿರುವ ಆರು ಭಾವವಿಕಾರಗಳು ಬಹಳ ಅನುಕೂಲವಾಗಿವೆ. ಹುಟ್ಟುವುದು, ಇರುವುದು, ಮಾರ್ಪಡುವುದು, ಬೆಳೆಯುವುದು, ಕ್ಷಯಿಸುವುದು, ನಾಶವಾಗುವುದು ಇವು ಬೇರೆ ಬೇರೆ. ಒಂದನ್ನು ಹೇಳಿದರೆ ಮುಂದಿನದನ್ನು ಹೇಳಿದಂತಾಗಲಿಲ್ಲ, ನಿಷೇಧಿಸಿದಂತೆಯೂ ಆಗಲಿಲ್ಲ. ಮೇಣವು ಒಣಗಿದ ಪದಾರ್ಥ. ಅದರಲ್ಲಿ ರೋಗಾಣುವಿಗೆ ಕುಡಿಯಲು ನೀರಿಲ್ಲ. ಆಹಾರವೂ ಇಲ್ಲವೆಂದೇ ಹೇಳಬೇಕು. ಆದುದರಿಂದ ಅಲ್ಲಿ ಬೆಳವಣಿಗೆಯಿಲ್ಲ. ಬಳಿಯುವ ದ್ರವದಲ್ಲಿ ಮದ್ಯಸಾರವಾಗಲಿ ಕ್ಷಾರವಾಗಲಿ ಇದ್ದರೆ ಕೆಲವು ಸಾಯುವುವು. ಬಿಸಿಗಾಳಿಯಲ್ಲಿ ಆರುವಾಗ ಮತ್ತೆ ಕೆಲವು ಸಾಯುವುವು. ಉಳಿದುವು ಇರುವುವು, ನಿಧಾನವಾಗಿ ಕ್ಷಯಿಸುವುವು. ಆ ಕ್ಷಯವು ನಾಶದವರೆಗೆ ಮುಟ್ಟುವುದಕ್ಕೆ ಮುಂಚೆಯೇ ಹಣ್ಣು ಮಾರಾಟವಾಗಿ ತಟ್ಟೆಗೆ ಬಂದಿರುವುದೇ ತೊಡಕು. ಅಮೆರಿಕದಲ್ಲಿ ಸೇಬುಗಳಿಗೆ ಬೇಕೆಂದೇ ಈ ರೋಗಾಣುವನ್ನು ಹಚ್ಚಿ, ವ್ಯಾಪಾರದ ಪದ್ಧತಿಯಂತೆ ಮೇಣ ಬಳಿದು, ತಿಂಗಳುಗಟ್ಟಲೆ ಶೀತದ ಉಗ್ರಾಣದಲ್ಲಿಟ್ಟು ನೋಡಿದ್ದಾರೆ. ನುಣುಪಾದ ಸಿಪ್ಪೆಯ ಮೇಲೆ ಸಂಖ್ಯೆಯು ಇಳಿಯುತ್ತ ಬಂದರೂ, ತೊಟ್ಟಿನ ಕುಳಿಯಲ್ಲಿಯೂ, ಹೂವಿನ ಕುರುಹು ಉಳಿದಿರುವ ಕೆಳತುದಿಯಲ್ಲಿಯೂ ಅವು ಬಹುಕಾಲ ಜೀವಂತವಾಗಿದ್ದುವು. ಮೇಣವು ಅವುಗಳನ್ನು ಕೊಲ್ಲುವುದರ ಬದಲು ಹೊದಿಕೆಯಾಗಿ ಕಾಪಾಡುವ ಕಡೆಗೇ ಪ್ರಯೋಗಗಳ ಫಲವು ವಾಲಿತು.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಸಿಪ್ಪೆಯು ಕಣ್ಣಿಗೆ ನಯವಾಗಿ ತೋರಿದರೂ ಸೂಕ್ಷ್ಮದರ್ಶಕದಲ್ಲಿ ಬಿರುಕುಗಳಿಂದಲೂ ಉಸಿರುರಂಧ್ರಗಳಿಂದಲೂ ತುಂಬಿದೆ. ಅವುಗಳೊಳಗೆ ಕುಳಿತ ಜೀವಿಯ ಮೇಲೆ ಮೇಣದ ಪೊರೆಯು ಬಿದ್ದರೆ, ಒಣಗಾಳಿಯು ಅದಕ್ಕೆ ನೇರವಾಗಿ ತಗಲದು. ನೀರನ್ನು ಒಲ್ಲದ ಮೇಣವನ್ನು ದಾಟಿ ತೊಳೆಯುವ ನೀರೂ ಮುಟ್ಟದು. ತೊಟ್ಟಿನ ಕುಳಿಯಲ್ಲಿಯಂತೂ ಕುಂಚವು ಸರಿಯಾಗಿ ಇಳಿಯುವುದಿಲ್ಲ, ನೀರು ಮಾತ್ರ ನಿಲ್ಲುವುದು. ಯಾವ ಗುಣಕ್ಕಾಗಿ ಮೇಣವನ್ನು ಬಳಿಯುವೆವೊ ಆ ಗುಣವೇ, ಎಂದರೆ ಒಳಗಿನ ತೇವವನ್ನು ಹೊರಗೆ ಬಿಡದಿರುವುದೇ, ಅಡಗಿದ ಜೀವಿಗೂ ಉಪಕಾರವಾಗಿ ಪರಿಣಮಿಸುವುದು.

ಇಷ್ಟೇ ಆಗಿದ್ದರೆ ಇದು ಪ್ರಯೋಗಶಾಲೆಯ ವಿಷಯವಾಗಿ ಉಳಿಯುತ್ತಿತ್ತು. ಆದರೆ ೨೦೧೪ನೆಯ ಇಸವಿಯ ಅಕ್ಟೋಬರಿನಿಂದ ೨೦೧೫ರ ಜನವರಿಯವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ದುರಂತವು ನಡೆಯಿತು. ಹನ್ನೆರಡು ಸಂಸ್ಥಾನಗಳಲ್ಲಿ ೩೫ ಮಂದಿ ಲಿಸ್ಟೀರಿಯ ರೋಗಕ್ಕೆ ತುತ್ತಾದರು. ೩೪ ಮಂದಿ ಆಸ್ಪತ್ರೆಗೆ ಸೇರಿದರು. ಏಳು ಮಂದಿ ತೀರಿಕೊಂಡರು, ಅವರಲ್ಲಿ ಕಡಮೆಯೆಂದರೂ ಮೂವರ ಮರಣಕ್ಕೆ ಈ ರೋಗವೇ ಕಾರಣವೆಂದು ನಿರ್ಣಯವಾಯಿತು. ಹನ್ನೊಂದು ಪ್ರಸಂಗಗಳು ಗರ್ಭಕ್ಕೆ ಸಂಬಂಧಿಸಿದುವು. ಒಂದು ಗರ್ಭವು ನಷ್ಟವಾಯಿತು. ಅದುವರೆಗೆ ಆರೋಗ್ಯವಾಗಿದ್ದ ಮೂವರು ಮಕ್ಕಳಿಗೆ ಮಿದುಳಿನ ಪೊರೆಯ ಉರಿಯೂತ ಬಂದಿತು. ಸರ್ಕಾರದ ಆರೋಗ್ಯಾಧಿಕಾರಿಗಳು ಮಾತನಾಡಿಸಿದ ೩೧ ಜನರಲ್ಲಿ ೨೮ ಜನರು ಒಂದೇ ತಿಂಡಿಯನ್ನು ಹೇಳಿದರು. ಅದು ಕ್ಯಾರಮೆಲ್ ಸೇಬು. ಇಡೀ ಸೇಬಿನ ತೊಟ್ಟಿನ ಕಡೆಯಿಂದ ಒಂದು ಮರದ ಕಡ್ಡಿಯನ್ನು ಚುಚ್ಚಿ, ಸಕ್ಕರೆ, ಹಾಲು, ಬೆಣ್ಣೆಗಳನ್ನು ಕಾಯಿಸಿದ ಬಿಸಿಪಾಕದಲ್ಲಿ ಅದ್ದಿ, ಆರಿಸಿ ತಿನ್ನುವ ಪದಾರ್ಥ. ಅಲ್ಲಿ ಶರತ್ಕಾಲದ ಹಬ್ಬದ ದಿನಗಳಲ್ಲಿ ಮಕ್ಕಳು ಇದನ್ನು ನಮ್ಮ ಜಾತ್ರೆಯ ಬೆಂಡು ಬತ್ತಾಸಿನಂತೆ ತಿನ್ನುವರು. ಸೇಬುಗಳು ಕ್ಯಾಲಿಫೋರ್ನಿಯದ ಶ್ಯಾಫ್ಟರ್ ಎಂಬ ಊರಿನ ಬಿಡಾರ್ಟ್ ಸೋದರರ ಕಟ್ಟುಮನೆಯಿಂದ ಬಂದಿದ್ದುವೆಂದು ಪತ್ತೆಯಾಯಿತು. ೨೦೧೫ರ ಜನವರಿ ೬ರಂದು ಆ ಸಂಸ್ಥೆಯು ತನ್ನ ಗ್ರ್ಯಾನಿ ಸ್ಮಿತ್, ಗಾಲಾ ಎಂಬ ಎರಡು ಜಾತಿಯ ಸೇಬುಗಳನ್ನು ಹಿಂದಕ್ಕೆ ಕರೆಯಿತು. ಅಧಿಕಾರಿಗಳು ಅಲ್ಲಿ ಹುಡುಕಿದಾಗ ರೋಗಾಣುವು ಸಿಕ್ಕಿದ ಸ್ಥಳಗಳಾವುವೆಂದರೆ ಹಣ್ಣಿಗೆ ಹೊಳಪು ಕೊಡುವ ಕುಂಚಗಳು, ಚರಂಡಿ, ಮರದ ತೊಟ್ಟಿ.

ಹೊಳಪು ಕೊಡುವ ಕುಂಚಗಳು ಎಂಬುದನ್ನು ಓದುಗರು ಇನ್ನೊಮ್ಮೆ ನೋಡಬೇಕು. ಯಾವುದರಿಂದ ಹಣ್ಣು ಶುಚಿಯಾದಂತೆ ಕಾಣುವುದೊ ಅದೇ ಅಶುಚಿಯ ನೆಲೆಯಾಗಿದ್ದಿತು. ಕುಂಚದ ಕೂದಲುಗಳ ಬುಡವು ಎಂದೂ ಪೂರ್ತಿ ಒಣಗುವುದಿಲ್ಲ. ಅಲ್ಲಿ ಹಣ್ಣಿನ ರಸವೂ ಮೇಣದ ಜಿಡ್ಡೂ ಸೇರಿ ಒಂದು ಲೋಳೆಯ ಪಟಲವಾಗುವುದು. ಅದರಲ್ಲಿ ನೆಲಸಿದ ಬ್ಯಾಕ್ಟೀರಿಯಗಳಿಗೆ ಮೇಲಿನಿಂದ ಸುರಿದ ಮದ್ದು ತಾಗದು. ಒಂದು ಕೊಳೆತ ಹಣ್ಣಿನಿಂದ ಬಂದುದು ಆ ಕುಂಚದ ಮೇಲೆ ಹೊರಳುವ ಸಾವಿರ ಹಣ್ಣುಗಳಿಗೆ ಹಂಚಿಹೋಗುವುದು. ೨೦೧೧ರಲ್ಲಿ ಕೊಲರಾಡೊದ ಒಂದು ತೋಟದ ಕರಬೂಜಗಳಿಂದ ೧೪೭ ಮಂದಿಗೆ ಇದೇ ರೋಗವು ತಗಲಿ ೩೩ ಮಂದಿ ತೀರಿಕೊಂಡ ಪ್ರಸಂಗದಲ್ಲಿಯೂ ಕಂಡುಬಂದುದು ಇಂತಹುದೇ. ಆಲೂಗಡ್ಡೆಗಾಗಿ ಬಳಸುತ್ತಿದ್ದ, ತೊಳೆಯಲು ಸುಲಭವಲ್ಲದ ಹಳೆಯ ಯಂತ್ರವನ್ನು ಅಲ್ಲಿ ಕರಬೂಜಕ್ಕೆ ಹಾಕಿದ್ದರು.

ಈಗ ಅನುಮಾನದೋಷದ ವಿಚಾರಕ್ಕೆ ಬರೋಣ. ಕ್ಯಾರಮೆಲ್ ಸೇಬಿನಿಂದ ಲಿಸ್ಟೀರಿಯವು ಬರುವುದೆಂದು ೨೦೧೪ಕ್ಕೆ ಮುಂಚೆ ಬಲ್ಲವರೂ ನಿರೀಕ್ಷಿಸಿರಲಿಲ್ಲ. ಅವರ ಪೂರ್ವಪಕ್ಷವು ಹೀಗಿದ್ದಿತು: ಸೇಬಿನ ತಿರುಳು ಹುಳಿ, ಅದರ ಆಮ್ಲಮಾನವು ೪ಕ್ಕಿಂತ ಕೆಳಗಿದೆ, ಲಿಸ್ಟೀರಿಯವು ಸುಮಾರು ೪.೪ಕ್ಕಿಂತ ಕೆಳಗೆ ಬೆಳೆಯದು. ಆದುದರಿಂದ ಸೇಬಿನಲ್ಲಿ ಬೆಳೆಯದು. ಪಾಕದಲ್ಲಿ ಸಕ್ಕರೆ ಹೆಚ್ಚು, ಜೀವಿಗೆ ದೊರೆಯತಕ್ಕ ನೀರು ಬಹಳ ಕಡಮೆ; ಆದುದರಿಂದ ಪಾಕದಲ್ಲಿಯೂ ಬೆಳೆಯದು. ಎರಡರಲ್ಲಿಯೂ ಬೆಳೆಯದ ಮೇಲೆ ಎರಡು ಸೇರಿದ ಪದಾರ್ಥದಲ್ಲಿ ಬೆಳೆಯುವುದೆಲ್ಲಿ? ಎರಡು ವ್ಯಾಪ್ತಿಗಳೂ ಸತ್ಯವಾದುವೇ. ಆದರೂ ಜನರು ಸತ್ತರು.

ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಕ್ಯಾಥ್ಲೀನ್ ಗ್ಲಾಸ್ ಎಂಬಾಕೆಯೂ ಸಹೋದ್ಯೋಗಿಗಳೂ ಇದನ್ನು ಪರೀಕ್ಷಿಸಿ ೨೦೧೫ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ಗ್ರ್ಯಾನಿ ಸ್ಮಿತ್ ಸೇಬುಗಳ ಮೈಗೆ ರೋಗಾಣುವನ್ನು ಹಚ್ಚಿ, ಕೆಲವಕ್ಕೆ ಕಡ್ಡಿ ಚುಚ್ಚಿ, ಕೆಲವಕ್ಕೆ ಚುಚ್ಚದೆ, ಎಲ್ಲವನ್ನೂ ಬಿಸಿಪಾಕದಲ್ಲಿ ಅದ್ದಿ, ಕೆಲವನ್ನು ೨೫ ಅಂಶಗಳ ಕೋಣೆಯ ಶಾಖದಲ್ಲಿಯೂ ಕೆಲವನ್ನು ೭ ಅಂಶಗಳ ಶೀತದಲ್ಲಿಯೂ ಇಟ್ಟರು. ಪಾಕದ ಬಿಸಿಗೆ ಹಲವು ಸತ್ತರೂ ಎಲ್ಲವೂ ಸಾಯಲಿಲ್ಲ. ಕೋಣೆಯ ಶಾಖದಲ್ಲಿದ್ದ, ಕಡ್ಡಿ ಚುಚ್ಚಿದ ಹಣ್ಣುಗಳಲ್ಲಿ ಉಳಿದುವು ಮೂರೇ ದಿನಗಳಲ್ಲಿ ಸಾವಿರ ಮಡಿಗಿಂತ ಹೆಚ್ಚಾದುವು. ಕಡ್ಡಿಯಿಲ್ಲದವುಗಳಲ್ಲಿ ಬೆಳವಣಿಗೆಯು ತಡವಾಗಿ, ನಿಧಾನವಾಗಿ ಆಯಿತು. ಶೀತದಲ್ಲಿದ್ದ ಕಡ್ಡಿಯ ಹಣ್ಣುಗಳಲ್ಲಿ ಮೊದಲ ವಾರ ಏನೂ ಆಗಲಿಲ್ಲ, ಆಮೇಲೆ ಮೆಲ್ಲಮೆಲ್ಲನೆ ಹೆಚ್ಚಿತು. ಶೀತದಲ್ಲಿದ್ದು ಕಡ್ಡಿಯೂ ಇಲ್ಲದ ಹಣ್ಣುಗಳಲ್ಲಿ ನಾಲ್ಕು ವಾರಗಳವರೆಗೂ ಬೆಳೆಯಲೇ ಇಲ್ಲ.

ಕಡ್ಡಿಯು ಮಾಡಿದ ಕೆಲಸವೇನು? ಚುಚ್ಚಿದಾಗ ತಿರುಳಿನ ರಸವು ಕಡ್ಡಿಯ ದಾರಿಯಲ್ಲಿ ಮೇಲೇರಿ, ಸಿಪ್ಪೆಗೂ ಪಾಕಕ್ಕೂ ನಡುವಣ ಸಂದಿಗೆ ಹರಿಯಿತು. ಆ ಸಂದಿಯು ತಿರುಳಿನಷ್ಟು ಹುಳಿಯಲ್ಲ, ಪಾಕದಷ್ಟು ಒಣಗಿದುದೂ ಅಲ್ಲ. ತೇವವಿದೆ, ಸಕ್ಕರೆಯಿದೆ, ಮೇಲೆ ಮುಚ್ಚಿದ ಸೂರಿದೆ. ರೋಗಾಣುವು ಇದ್ದುದು ತಿರುಳಿನಲ್ಲಿಯೂ ಅಲ್ಲ, ಪಾಕದಲ್ಲಿಯೂ ಅಲ್ಲ; ಈ ಎರಡರ ಸಂಧಿಯಲ್ಲಿ. ನಮ್ಮ ತಾರ್ಕಿಕರ ಭಾಷೆಯಲ್ಲಿ ಹೇಳುವುದಾದರೆ ಪೂರ್ವಪಕ್ಷದ ಹೇತುವು ಸ್ವರೂಪಾಸಿದ್ಧ. ಹುಳಿತನವೆಂಬ ಹೇತುವು ವಿವಾದಕ್ಕೆ ವಿಷಯವಾದ ಸ್ಥಳದಲ್ಲಿಯೇ ಇರಲಿಲ್ಲ. ಸಂಧಿಯಾದಾಗ ಹಿಂದಣ ವರ್ಣವೂ ಮುಂದಣ ವರ್ಣವೂ ಅಲ್ಲದ ಮೂರನೆಯದೊಂದು ಆದೇಶವಾಗಿ ಬರುವುದನ್ನು ದಿನವೂ ಪಾಠ ಹೇಳುವ ನಮಗೆ ಇದು ಅಪರಿಚಿತವೇನಲ್ಲ.

ಇದಕ್ಕೆ ವಿರುದ್ಧವಾದ ದೋಷವೂ ಒಂದುಂಟು. ಮೇಣವೆಂದೊಡನೆ ಬೆದರುವ ವೃತ್ತಪತ್ರಿಕೆಗಳ ಬರಹದಲ್ಲಿ ಅದು ಹೇರಳವಾಗಿದೆ. ‘ಮೇಣದಲ್ಲಿ ರೋಗಾಣುವಿದೆ, ಆದುದರಿಂದ ಅದು ಬೆಳೆಯುತ್ತಿದೆ’ ಎಂಬುದು ಅದರ ರೂಪ. ಬೆಂಕಿಯಿರುವುದರಿಂದ ಹೊಗೆಯಿದೆ ಎಂದು ಸಾಧಿಸಲು ಹೊರಟವನಿಗೆ ನೈಯಾಯಿಕರು ಕೊಡುವ ಉತ್ತರವೇ ಇದಕ್ಕೂ ಸಲ್ಲುವುದು. ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿಯ ಸೌದೆಯ ಸಂಯೋಗ ಬೇಕು, ಅದೇ ಅಲ್ಲಿನ ಉಪಾಧಿ. ಇಲ್ಲಿಯೂ ಉಪಾಧಿಯು ತೇವವೇ. ಶಾಸ್ತ್ರದ ಉದಾಹರಣೆಯು ಇಷ್ಟು ಅಕ್ಷರಶಃ ಹೊಂದುವುದನ್ನು ಕಂಡು ನನಗೆ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಒಣಗಿದ ಮೇಣದಲ್ಲಿ ರೋಗಾಣು ಇರಬಹುದು, ಬೆಳೆಯದು. ಅದಕ್ಕೆ ಗಾಯವಾಗಲಿ ಚುಚ್ಚಾಗಲಿ ಕೊಯ್ತವಾಗಲಿ ರಸವನ್ನು ಒದಗಿಸಿ, ಮೇಲೆ ಬೆಚ್ಚಗಿನ ಕಾಲವೂ ಸೇರಿದರೆ ಇರುವುದು ಬೆಳೆಯುವುದಾಗಿ ಮಾರ್ಪಡುವುದು.

ನೀರಿನಲ್ಲಿ ಮುಳುಗಿಸುವುದರ ವಿಚಾರವಾಗಿಯೂ ಒಂದು ಮಾತು ಅವಶ್ಯಕ. ೧೯೯೯ರ ಕೊನೆಯಲ್ಲಿ ಬ್ರೆಜಿಲ್ಲಿನ ಒಂದು ತೋಟದ ಮಾವಿನ ಹಣ್ಣುಗಳಿಂದ ಅಮೆರಿಕದ ಹದಿಮೂರು ಸಂಸ್ಥಾನಗಳಲ್ಲಿ ೭೮ ಮಂದಿಗೆ ಸಾಲ್ಮೊನೆಲ್ಲ ಎಂಬ ಬೇರೊಂದು ರೋಗಾಣುವು ತಗಲಿತು. ಹಣ್ಣಿನ ನೊಣದ ಮರಿಗಳನ್ನು ಕೊಲ್ಲಲು ಬಿಸಿನೀರಿನಲ್ಲಿ ಅದ್ದಿದ ಹಣ್ಣನ್ನು ಅಲ್ಲಿ ಒಡನೆಯೇ ತಣ್ಣೀರಿಗೆ ಹಾಕುತ್ತಿದ್ದರು. ಬಿಸಿಯಾಗಿದ್ದ ಹಣ್ಣಿನೊಳಗಣ ಗಾಳಿಯು ತಣಿದು ಕುಗ್ಗಿದಾಗ ಹಣ್ಣು ತೊಟ್ಟಿನ ಕಡೆಯಿಂದ ಹೊರಗಣ ನೀರನ್ನು ಒಳಕ್ಕೆ ಹೀರುವುದು; ನೀರು ಕಲುಷಿತವಾಗಿದ್ದರೆ ಕಲ್ಮಷವೂ ಅದರೊಡನೆ ಹೋಗುವುದು. ಬಿಸಿಲಿನಿಂದ ತಂದ ಹಣ್ಣನ್ನು ತಣ್ಣೀರಿನ ಬಕೀಟಿನಲ್ಲಿ ಗಂಟೆಗಟ್ಟಲೆ ಮುಳುಗಿಸಿಡುವುದಕ್ಕಿಂತ ಹರಿಯುವ ನೀರಿನಲ್ಲಿ ತೊಳೆಯುವುದು ಲೇಸೆಂಬುದಕ್ಕೆ ಇದೂ ಒಂದು ಕಾರಣ.

ಇಷ್ಟರಿಂದ ಅಂಗಡಿಯ ಸೇಬೆಲ್ಲ ಅಪಾಯವೆಂದು ಯಾರೂ ತಿಳಿಯಬಾರದು. ಇಡೀ ಸೇಬನ್ನು ತೊಳೆದು ತಿಂದವರಿಗೆ ಈ ರೋಗವು ಬಂದುದು ಅತ್ಯಲ್ಪ. ೨೦೧೪ರ ದುರಂತಕ್ಕೆ ಕಲುಷಿತವಾದ ಕುಂಚ, ಚುಚ್ಚಿದ ಕಡ್ಡಿ, ಮೇಲಣ ಪಾಕ, ಕೋಣೆಯ ಶಾಖದಲ್ಲಿ ಕಳೆದ ದಿನಗಳು ಇವೆಲ್ಲವೂ ಕೂಡಿಬರಬೇಕಾಯಿತು. ನಮ್ಮ ಅಡುಗೆಮನೆಗಳಲ್ಲಿ ಮಾಡತಕ್ಕುದು ಸ್ವಲ್ಪವೇ. ಹಣ್ಣನ್ನು ಹೆರೆಯುವುದಕ್ಕೂ ಸುಲಿಯುವುದಕ್ಕೂ ಮುಂಚೆ ಹರಿಯುವ ನೀರಿನ ಕೆಳಗೆ ಕೈಯಿಂದ ಉಜ್ಜಿ, ತೊಟ್ಟಿನ ಕುಳಿಯನ್ನು ವಿಶೇಷವಾಗಿ ತಿಕ್ಕಿ, ಒಣಬಟ್ಟೆಯಿಂದ ಒರಸಬೇಕು. ಸಾಬೂನು ಬೇಡ, ಅದು ಸಿಪ್ಪೆಯ ರಂಧ್ರಗಳಲ್ಲಿ ಉಳಿಯುವುದು. ತೊಟ್ಟಿನ ಸುತ್ತಲ ಭಾಗವನ್ನೂ ಕೆಳತುದಿಯನ್ನೂ ತೆಗೆದುಹಾಕುವುದು ಒಳ್ಳೆಯದು. ತೆಗೆದ ಮೇಲೆ ಚಾಕುವನ್ನು ತೊಳೆದು ಮುಂದಿನ ಹೋಳಿಗೆ ಹೋಗಬೇಕು. ಹೆಚ್ಚಿದ ಹೋಳುಗಳನ್ನು ಆಗಲೇ ತಿನ್ನಬೇಕು. ಉಳಿದರೆ ಶೀತಪೆಟ್ಟಿಗೆಯಲ್ಲಿಡಬೇಕು, ಅಲ್ಲಿಯೂ 오래 ಇಡಬಾರದು. ಬಸುರಿಯರ ಮತ್ತು ವೃದ್ಧರ ವಿಷಯದಲ್ಲಿ ಇದನ್ನು ಪಟ್ಟಾಗಿ ನಡೆಸಬೇಕು.

ಸೋದರತ್ತೆಯವರಿಗೆ ಇದನ್ನೆಲ್ಲ ವಿವರಿಸಿದೆನು. ಮಧ್ಯದಲ್ಲಿ ತಡೆದು, “ಹಾಗಾದರೆ ನಾನು ಹೆರೆದದ್ದು ತಪ್ಪೇನೋ?” ಎಂದು ಕೇಳಿದರು. “ಹೆರೆದದ್ದು ತಪ್ಪಲ್ಲ ಅತ್ತೆ, ತೊಳೆಯುವುದಕ್ಕೆ ಮುಂಚೆ ಹೆರೆದಿರಿ, ಅದೇ ಚಾಕುವಿನಿಂದ ಹೆಚ್ಚಿದಿರಿ” ಎಂದೆನು. “ಮಡಿಯಲ್ಲಿ ನೀರು ಮೊದಲು ಅಂತ ನಿನಗೆ ಹೇಳಿಕೊಟ್ಟವಳು ನಾನೇ” ಎಂದು ಅವರು ನಕ್ಕುಬಿಟ್ಟರು.

ಕಡೆಯದಾಗಿ ಪಠ್ಯಪುಸ್ತಕಗಳನ್ನು ಬರೆಯುವ ಮಿತ್ರರಲ್ಲಿ ಒಂದು ವಿಜ್ಞಾಪನೆ. ರೋಗಾಣುಗಳ ವಿಷಯದಲ್ಲಿ ‘ಉಳಿಯುತ್ತವೆ’ ಎನ್ನಬೇಕಾದೆಡೆಯಲ್ಲಿ ‘ಬೆಳೆಯುತ್ತವೆ’ ಎಂದೂ, ‘ಕಡಮೆಯಾದುವು’ ಎನ್ನಬೇಕಾದೆಡೆಯಲ್ಲಿ ‘ಸತ್ತುವು’ ಎಂದೂ ಬರೆದಿರುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಇರವು, ಬೆಳವು, ಕ್ಷಯ, ನಾಶ ಎಂಬ ನಾಲ್ಕು ಮಾತುಗಳು ನಮ್ಮಲ್ಲಿ ಸಿದ್ಧವಾಗಿಯೇ ಇವೆ. ಅವುಗಳನ್ನು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸದೆ, ಮುಂದಿನ ಮುದ್ರಣಗಳಲ್ಲಿ ತಿದ್ದಿಕೊಡಬೇಕೆಂದು ಕೋರುತ್ತೇನೆ.